ಕುಕ್ ಕುರ್ಚಿ ಬಿಟ್ಟದ್ದು ಸರಿಯೇ?

2003ರ ಮಾರ್ಚ್ 17, ಸೋಮವಾರ. ಅಮೆರಿಕದ ಜೊತೆ ಸೇರಿ ಇರಾಕ್ ಮೇಲೆ ದಾಳಿ ಮಾಡಬೇಕೇ ಎಂದು ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಮತ ಹಾಕಲು ಒಂದೇ ದಿನ ಬಾಕಿ ಇತ್ತು. ಟೋನಿ ಬ್ಲೇರ್ ಸಂಪುಟದಲ್ಲಿ ನಾಲ್ಕು ವರ್ಷ ವಿದೇಶಾಂಗ ಸಚಿವರಾಗಿದ್ದು, ಆಮೇಲೆ ಕಾಮನ್ಸ್ ಸಭೆಯ ನಾಯಕರಾಗಿದ್ದ ರಾಬಿನ್ ಕುಕ್ ಅಂದು ಸಂಪುಟ ಸಭೆ ಸೇರುವ ಮೊದಲೇ ರಾಜೀನಾಮೆ ಕೊಟ್ಟರು. ರಾತ್ರಿ ಹಿಂದಿನ ಬೆಂಚಿನಲ್ಲಿ ನಿಂತು ಕಾರಣ ಹೇಳಿದರು. ಮರುದಿನ ಯುದ್ಧದ ನಿರ್ಣಯ 412–149 ಮತಗಳಿಂದ ಗೆದ್ದಿತು. ಗೆಲ್ಲುತ್ತದೆಂದು ಅವರಿಗೂ ಗೊತ್ತಿತ್ತು. ಹಾಗಿದ್ದರೆ ಅವರು ಹೊರನಡೆದದ್ದು ಸರಿಯೇ? ಒಳಗೇ ನಿಂತು ಹೋರಾಡಬೇಕಿತ್ತೇ?

ಪರ: ಅದೇ ಇರಾಕ್, ಎರಡು ಸಲ

ಭಾರತದಲ್ಲಿ ಕುಕ್ ಹೆಸರು ಮನೆಮನೆಗೆ ತಲುಪಿದ್ದು ಒಳ್ಳೆಯ ಕಾರಣಕ್ಕಲ್ಲ. ನಮ್ಮ ಸ್ವಾತಂತ್ರ್ಯದ ಐವತ್ತನೇ ವರ್ಷ, 1997ರ ಅಕ್ಟೋಬರ್. ರಾಣಿ ಎಲಿಜಬೆತ್ ಪಾಕಿಸ್ತಾನದ ಪ್ರವಾಸ ಮುಗಿಸಿಕೊಂಡು ಭಾರತಕ್ಕೆ ಬಂದರು. ಜೊತೆಯಲ್ಲಿ ಹೊಸ ವಿದೇಶಾಂಗ ಸಚಿವ ಕುಕ್ ಇದ್ದರು. ಕಾಶ್ಮೀರದ ವಿಷಯದಲ್ಲಿ ಬ್ರಿಟನ್ ಕೈಜೋಡಿಸಲು ಸಿದ್ಧ ಎಂಬ ಅರ್ಥದ ಮಾತನ್ನು ಅವರು ಇಸ್ಲಾಮಾಬಾದಿನಲ್ಲಿ ಆಡಿದ್ದಾರೆ ಎಂಬ ಸುದ್ದಿ ಮೊದಲೇ ಇಲ್ಲಿಗೆ ಮುಟ್ಟಿತ್ತು. ಪ್ರಧಾನಿ ಗುಜ್ರಾಲ್ ಬ್ರಿಟನ್ನನ್ನು ಮೂರನೇ ದರ್ಜೆಯ ಶಕ್ತಿ ಎಂದು ಕರೆದರೆಂದು ಪತ್ರಿಕೆಗಳು ಬರೆದವು. ಆ ಸಿಟ್ಟು ನನಗೂ ಇತ್ತು. ನಮ್ಮನ್ನು ಆಳಿ ಹೋದವರ ಮಂತ್ರಿಯೊಬ್ಬ ಐವತ್ತು ವರ್ಷದ ಮೇಲೆ ಬಂದು ಪಂಚಾಯಿತಿ ಮಾಡುತ್ತೇನೆ ಎಂದರೆ ಯಾರಿಗೆ ತಾನೇ ಬರುವುದಿಲ್ಲ? ಆದ್ದರಿಂದ ಕುಕ್ ಪರವಾಗಿ ನಾನು ಹೇಳುವುದನ್ನು ಹಳೆಯ ಅಭಿಮಾನಿಯ ಮಾತೆಂದು ಯಾರೂ ತಿಳಿಯಬೇಕಿಲ್ಲ. ಈ ಮನುಷ್ಯನನ್ನು ನಾನು ಮೆಚ್ಚಲು ಕಲಿತದ್ದು ಆಮೇಲೆ, ಒಂದೇ ಭಾಷಣದಿಂದ.

ಕುಕ್ ಹುಟ್ಟಿದ್ದು ಸ್ಕಾಟ್ಲೆಂಡಿನ ಬೆಲ್‌ಶಿಲ್ ಊರಿನಲ್ಲಿ, 1946ರ ಫೆಬ್ರವರಿ 28ರಂದು. ತಂದೆ ಶಾಲಾ ಮೇಷ್ಟರು, ಇವರೊಬ್ಬರೇ ಮಗ. ಎಡಿನ್‌ಬರೋದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. 1974ರ ಫೆಬ್ರವರಿ 28ರಂದು, ತಮ್ಮ ಇಪ್ಪತ್ತೆಂಟನೇ ಹುಟ್ಟುಹಬ್ಬದ ದಿನವೇ, ಎಡಿನ್‌ಬರೋ ಸೆಂಟ್ರಲ್ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿ ಬಂದರು. ಆಮೇಲಿನ ಇಪ್ಪತ್ತಮೂರು ವರ್ಷ ಅವರಿಗೆ ಒಂದು ದಿನವೂ ಮಂತ್ರಿಗಿರಿ ಸಿಗಲಿಲ್ಲ. 1979ರಲ್ಲಿ ಅವರ ಲೇಬರ್ ಪಕ್ಷ ಸೋತ ಮೇಲೆ ಹದಿನೆಂಟು ವರ್ಷ ಉದ್ದಕ್ಕೂ ವಿರೋಧ ಪಕ್ಷದ ಸಾಲು. ಆ ಸಾಲಿನಲ್ಲಿ ಕೂತೇ ಅವರು ಬ್ರಿಟನ್ನಿನ ಅತ್ಯಂತ ಹರಿತವಾದ ಸಂಸದೀಯ ನಾಲಿಗೆ ಎನಿಸಿಕೊಂಡರು.

ಆ ಹರಿತಕ್ಕೆ ಸಾಣೆ ಹಿಡಿದದ್ದೂ ಇರಾಕೇ. 1980ರ ದಶಕದ ಕೊನೆಯಲ್ಲಿ ಬ್ರಿಟಿಷ್ ಕಂಪನಿಗಳು ಸದ್ದಾಂ ಹುಸೇನನಿಗೆ ಯಂತ್ರೋಪಕರಣ ಮಾರುತ್ತಿದ್ದವು. ಶಸ್ತ್ರಾಸ್ತ್ರ ತಯಾರಿಕೆಗೂ ಬಳಕೆಯಾಗಬಲ್ಲ ಅಂಥ ಸಾಮಗ್ರಿಯ ರಫ್ತಿನ ನಿಯಮವನ್ನು ಟೋರಿ (ಕನ್ಸರ್ವೇಟಿವ್ ಪಕ್ಷದ) ಸರ್ಕಾರ ಸಂಸತ್ತಿಗೆ ತಿಳಿಸದೆ ಸಡಿಲಿಸಿತ್ತು. ಮ್ಯಾಟ್ರಿಕ್ಸ್ ಚರ್ಚಿಲ್ ಎಂಬ ಕಂಪನಿಯ ನಿರ್ದೇಶಕರ ಮೇಲಿನ ಮೊಕದ್ದಮೆ 1992ರಲ್ಲಿ ಕುಸಿದು ಬಿದ್ದಾಗ ವಿಷಯ ಬಯಲಾಯಿತು. ನ್ಯಾಯಮೂರ್ತಿ ರಿಚರ್ಡ್ ಸ್ಕಾಟ್ ವಿಚಾರಣೆ ನಡೆಸಿ 1996ರ ಫೆಬ್ರವರಿಯಲ್ಲಿ ಸುಮಾರು 1,800 ಪುಟದ ವರದಿ ಕೊಟ್ಟರು. ಸರ್ಕಾರದ ಮಂತ್ರಿಗಳು ಅದನ್ನು ದಿನಗಟ್ಟಲೆ ಮೊದಲೇ ಓದಿ ಉತ್ತರ ಸಿದ್ಧಮಾಡಿಕೊಂಡಿದ್ದರು. ವಿರೋಧ ಪಕ್ಷದ ಪರವಾಗಿ ಮಾತಾಡಬೇಕಿದ್ದ ಕುಕ್ ಅವರಿಗೆ ಕೊಟ್ಟದ್ದು ಕೆಲವೇ ಗಂಟೆ. ಅಷ್ಟರಲ್ಲೇ ಓದಿ, ಎದ್ದು ನಿಂತು, ಸರ್ಕಾರದ ಬೆವರಿಳಿಸಿದರು. ಫೆಬ್ರವರಿ 26ರ ಮತದಾನದಲ್ಲಿ ಸರ್ಕಾರ ಉಳಿದದ್ದು 320–319ರಿಂದ, ಒಂದೇ ಒಂದು ಮತದ ಅಂತರದಲ್ಲಿ.

ನಾನು ಈ ಹಳೆಯ ಕತೆಯ ಮೇಲೆ ಇಷ್ಟು ಹೊತ್ತು ನಿಲ್ಲಲು ಕಾರಣವಿದೆ. ಸದ್ದಾಂ ಕೈಗೆ ಏನು ಹೋಯಿತು, ಯಾರು ಕೊಟ್ಟರು, ಅದನ್ನು ಮುಚ್ಚಿಡಲು ಎಷ್ಟು ಸುಳ್ಳು ಹೇಳಲಾಯಿತು ಎಂಬುದನ್ನು ಪುಟಪುಟವಾಗಿ ಓದಿದ್ದ ಮನುಷ್ಯ ಇವರು. ಏಳು ವರ್ಷದ ಮೇಲೆ ಅವರದೇ ಪಕ್ಷದ ಸರ್ಕಾರ ಅದೇ ಸದ್ದಾಂ ಬಳಿ ಸಮೂಹನಾಶಕ ಅಸ್ತ್ರಗಳಿವೆ, ಈಗಲೇ ಯುದ್ಧಕ್ಕೆ ಹೋಗಬೇಕು ಎಂದು ಹೊರಟಾಗ ಅವರ ಕಿವಿಗೆ ಅದು ಹೊಸ ಮಾತಾಗಿ ಕೇಳಿಸಿರಲಾರದು. ಇಪ್ಪತ್ತು ವರ್ಷದಿಂದ ಇದ್ದ, ಬೆಳೆಯಲು ನಾವೇ ನೆರವಾದ ಬಲವನ್ನು ಕಿತ್ತುಹಾಕಲು ಈಗ ಇಷ್ಟೇಕೆ ಆತುರ ಎಂದು ಅವರು ರಾಜೀನಾಮೆಯ ರಾತ್ರಿ ಕೇಳಿದರು. ‘ನಾವೇ ನೆರವಾದ’ ಎಂದು ಹೇಳುವ ಹಕ್ಕು ಆ ಸದನದಲ್ಲಿ ಅವರಷ್ಟು ಇನ್ನಾರಿಗೂ ಇರಲಿಲ್ಲ.

ಮಂತ್ರಿಯಾಗಿ ಅವರ ದಾಖಲೆ ಕಲೆಯಿಲ್ಲದ್ದೇನಲ್ಲ. 1997ರ ಮೇ ತಿಂಗಳಲ್ಲಿ ವಿದೇಶಾಂಗ ನೀತಿಗೆ ನೈತಿಕ ಆಯಾಮವಿರಬೇಕು ಎಂದು ಸಾರಿದರು. ಅದೇ ಸರ್ಕಾರ ಇಂಡೋನೇಷ್ಯಾಕ್ಕೆ ಹಾಕ್ ಯುದ್ಧವಿಮಾನಗಳ ಮಾರಾಟ ನಿಲ್ಲಿಸಲಿಲ್ಲ. ಆ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಇನ್ನೊಂದು ಕಡೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ರೂಪುಗೊಳ್ಳುವಾಗ ಬ್ರಿಟನ್ ಅದರ ಪರ ನಿಂತದ್ದು ಅವರ ಕಾಲದಲ್ಲೇ. 2001ರ ಏಪ್ರಿಲಿನಲ್ಲಿ ಚಿಕನ್ ಟಿಕ್ಕಾ ಮಸಾಲವೇ ಈಗ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯ ಎಂದು ಅವರು ಹೇಳಿದ್ದನ್ನು ನಮ್ಮವರು ಇಂದಿಗೂ ನೆನೆಯುತ್ತಾರೆ. ವಲಸಿಗರ ಮೇಲೆ ವಿಷ ಕಾರುವುದು ಸುಲಭವಾಗಿದ್ದ ಚುನಾವಣೆಯ ಹೊತ್ತಿನಲ್ಲಿ ಆಡಿದ ಮಾತದು. ಜೂನಿನಲ್ಲಿ ಪಕ್ಷ ಮತ್ತೆ ಗೆದ್ದಿತು. ಕುಕ್ ಅವರನ್ನು ಬ್ಲೇರ್ ವಿದೇಶಾಂಗದಿಂದ ತೆಗೆದು ಸದನ ನಾಯಕರನ್ನಾಗಿ ಮಾಡಿದರು. ಎಲ್ಲರೂ ಅದನ್ನು ಹಿಂಬಡ್ತಿ ಎಂದರು.

ಆ ಹಿಂಬಡ್ತಿಯ ಹುದ್ದೆಯೇ ಅವರ ರಾಜೀನಾಮೆಯನ್ನು ಅನಿವಾರ್ಯ ಮಾಡಿತು. ಸದನ ನಾಯಕನ ಕೆಲಸ ಏನು? ಸರ್ಕಾರದ ಕಲಾಪವನ್ನು ಸದನದಲ್ಲಿ ಪ್ರಕಟಿಸುವುದು, ಚರ್ಚೆಗೆ ಸಮಯ ಹೊಂದಿಸುವುದು, ನಿರ್ಣಯಗಳು ಸುಗಮವಾಗಿ ಸಾಗುವಂತೆ ನೋಡುವುದು. ಕೃಷಿ ಮಂತ್ರಿಯೋ ಸಾರಿಗೆ ಮಂತ್ರಿಯೋ ಆಗಿದ್ದರೆ ತನ್ನ ಖಾತೆಯೊಳಗೆ ತಲೆ ಬಗ್ಗಿಸಿಕೊಂಡು ಇರಬಹುದಿತ್ತು. ಕುಕ್ ಅವರಿಗೆ ಆ ಮರೆಯೂ ಇರಲಿಲ್ಲ. ತಾನು ನಂಬದ ಯುದ್ಧದ ನಿರ್ಣಯಕ್ಕೆ ತಾನೇ ದಾರಿ ಮಾಡಿಕೊಡಬೇಕಿತ್ತು. ಸಂಪುಟದ ಸಾಮೂಹಿಕ ಹೊಣೆ ಎಂದರೆ ಒಳಗೆ ಎಷ್ಟು ಬೇಕಾದರೂ ಜಗಳವಾಡು, ಹೊರಗೆ ಒಂದೇ ದನಿ. ಆ ಒಂದೇ ದನಿಯಲ್ಲಿ ಸೇರಲಾರೆ ಎನ್ನುವವನಿಗೆ ಉಳಿಯುವ ಬಾಗಿಲು ಒಂದೇ.

ಅವರಿಗೆ ಗೊತ್ತಿದ್ದದ್ದಾದರೂ ಏನು? 2003ರ ಫೆಬ್ರವರಿಯಲ್ಲಿ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು ಅವರಿಗೆ ಖುದ್ದಾಗಿ ವಿವರಣೆ ಕೊಟ್ಟಿದ್ದರು. ದೊಡ್ಡ ನಗರವೊಂದಕ್ಕೆ ಎಸೆಯಬಲ್ಲ ಅಸ್ತ್ರ ಎಂದು ಸಾಮಾನ್ಯ ಜನ ಅರ್ಥಮಾಡಿಕೊಳ್ಳುವಂಥದ್ದು ಇರಾಕಿನ ಬಳಿ ಇಲ್ಲ ಎಂಬ ತೀರ್ಮಾನಕ್ಕೆ ಕುಕ್ ಬಂದರು. ಅದನ್ನೇ ಸದನದಲ್ಲಿ ಹೇಳಿದರು. ಸದ್ದಾಂ ದುರ್ಬಲ, ಆದ್ದರಿಂದ ಯುದ್ಧ ಬೇಗ ಮುಗಿಯುತ್ತದೆ ಎನ್ನುವವರೇ ಸದ್ದಾಂ ಭಾರೀ ಅಪಾಯ, ಆದ್ದರಿಂದ ಯುದ್ಧ ಬೇಕು ಎಂದೂ ಹೇಳುವುದು ಹೇಗೆ ಹೊಂದುತ್ತದೆ ಎಂದು ಕೇಳಿದರು. ಆ ವಾರಗಳಲ್ಲಿ ಸಾವಿರಾರು ಪುಟ ಲೇಖನ ಬಂದಿದ್ದವು. ಇಷ್ಟು ಸರಳವಾಗಿ ಗಂಟು ಬಿಚ್ಚಿದವರು ಇನ್ನೊಬ್ಬರಿಲ್ಲ.

ನಮ್ಮ ಶಾಸನಸಭೆಗಳಲ್ಲಿ ಮೇಜು ಕುಟ್ಟುವ ರೂಢಿ. ಅಲ್ಲಿ ಕಾಮನ್ಸ್ ಸಭೆಯಲ್ಲಿ ಚಪ್ಪಾಳೆಗೂ ಅವಕಾಶವಿಲ್ಲ. ಅಂದು ಕುಕ್ ಕೂತಾಗ ಸದಸ್ಯರು ರೂಢಿ ಮುರಿದು ಚಪ್ಪಾಳೆ ತಟ್ಟಿದರು, ಕೆಲವರು ಎದ್ದು ನಿಂತರು. ಗಮನಿಸಬೇಕಾದ ಇನ್ನೊಂದು ಸಂಗತಿ: ಆ ಭಾಷಣದಲ್ಲಿ ಬ್ಲೇರ್ ವಿರುದ್ಧ ಒಂದು ಕಹಿ ಮಾತಿಲ್ಲ. ನನ್ನ ಜೀವಮಾನದಲ್ಲಿ ಪಕ್ಷ ಕಂಡ ಅತ್ಯಂತ ಯಶಸ್ವಿ ನಾಯಕ ಅವರು, ಈ ಬಿಕ್ಕಟ್ಟನ್ನು ಬಳಸಿ ಅವರನ್ನು ಇಳಿಸಲು ಹೊರಟವರಿಗೆ ನನ್ನ ಬೆಂಬಲವಿಲ್ಲ ಎಂದರು. ಕುರ್ಚಿ ಹೋದ ಸಂಕಟಕ್ಕೆ ತತ್ವದ ಹೆಸರಿಡುವ ರಾಜೀನಾಮೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇದು ಆ ಜಾತಿಯದಲ್ಲ.

1999ರಲ್ಲಿ ಕೊಸೊವೊ ಮೇಲೆ ಬಾಂಬ್ ಹಾಕಿದಾಗಲೂ ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ, ಆಗ ವಿದೇಶಾಂಗ ಸಚಿವರಾಗಿ ಸಮರ್ಥಿಸಿದವರು ಇವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕುಕ್ ಆ ಪ್ರಶ್ನೆಯನ್ನು ತಾವೇ ಎತ್ತಿ ಉತ್ತರಿಸಿದರು. ಕೊಸೊವೊ ವಿಷಯದಲ್ಲಿ ನ್ಯಾಟೊ ಜೊತೆಗಿತ್ತು, ಯುರೋಪ್ ಜೊತೆಗಿತ್ತು, ನೆರೆಯ ದೇಶಗಳೆಲ್ಲ ಜೊತೆಗಿದ್ದವು; ಜನರನ್ನು ಕಾಪಾಡುವ ತುರ್ತು ಕಣ್ಣೆದುರಿಗಿತ್ತು. ಇರಾಕ್ ವಿಷಯದಲ್ಲಿ ಇವು ಯಾವುವೂ ಇರಲಿಲ್ಲ. ನನಗೆ ಆ ಉತ್ತರ ಸಾಕು.

ಆಮೇಲೆ ಏನಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. 179 ಬ್ರಿಟಿಷ್ ಯೋಧರು ಸತ್ತರು, ಇರಾಕಿಗಳ ಸಾವಿಗೆ ಲೆಕ್ಕವೇ ಸರಿಯಾಗಿ ಸಿಗದು. ನಮ್ಮ ಲೋಕಸಭೆ ಆ ಏಪ್ರಿಲಿನಲ್ಲಿ ಯುದ್ಧಕ್ಕೆ ನಿಂದಾ ನಿರ್ಣಯ ಅಂಗೀಕರಿಸಿತು. ಜುಲೈನಲ್ಲಿ ಅಮೆರಿಕ ಎಷ್ಟು ಒತ್ತಾಯಿಸಿದರೂ ವಿಶ್ವಸಂಸ್ಥೆಯ ಆದೇಶವಿಲ್ಲದೆ ಸೇನೆ ಕಳಿಸಲು ವಾಜಪೇಯಿ ಸರ್ಕಾರ ಒಪ್ಪಲಿಲ್ಲ. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ಅಧಿಕೃತ ವಿಚಾರಣೆಯಿಂದ 2016ರ ಜುಲೈ 6ರಂದು ಬಂದ ಚಿಲ್ಕಾಟ್ ವರದಿ, ಶಾಂತಿಯುತ ದಾರಿಗಳು ಮುಗಿಯುವ ಮುನ್ನವೇ ಯುದ್ಧಕ್ಕೆ ಹೋಗಲಾಯಿತು, ಅದು ಕೊನೆಯ ಉಪಾಯವಾಗಿರಲಿಲ್ಲ ಎಂದಿತು. ಹದಿಮೂರು ವರ್ಷ ಹಿಡಿದ ಆ ತೀರ್ಪನ್ನು ಕುಕ್ ಸುಮಾರು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ದರು.

ಬ್ರಿಟನ್ನಿನಲ್ಲಿ ಯುದ್ಧಕ್ಕೆ ಹೋಗಲು ಪ್ರಧಾನಿಗೆ ಸಂಸತ್ತಿನ ಮತ ಬೇಕೆಂಬ ಕಾನೂನಿಲ್ಲ. ರಾಜಮನೆತನದ ಹಳೆಯ ವಿಶೇಷಾಧಿಕಾರದ ಹೆಸರಲ್ಲಿ ಸೇನೆ ಹೊರಡಬಹುದು. ಇರಾಕ್ ವಿಷಯದಲ್ಲಿ ಮೊದಲೇ ಮತ ಹಾಕಿಸಲೇಬೇಕು ಎಂದು ಒಳಗಿದ್ದುಕೊಂಡು ಪಟ್ಟು ಹಿಡಿದವರಲ್ಲಿ ಕುಕ್ ಮುಖ್ಯರು. 2013ರ ಆಗಸ್ಟಿನಲ್ಲಿ ಸಿರಿಯಾ ಮೇಲೆ ದಾಳಿಗೆ ಡೇವಿಡ್ ಕ್ಯಾಮರಾನ್ ಅನುಮತಿ ಕೇಳಿದಾಗ ಸದನ 285–272ರಿಂದ ಬೇಡ ಎಂದಿತು, ವಿಮಾನಗಳು ಏಳಲಿಲ್ಲ. ಅದನ್ನು ನೋಡಲು ಕುಕ್ ಇರಲಿಲ್ಲ. 2005ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಬೆನ್ ಸ್ಟ್ಯಾಕ್ ಬೆಟ್ಟದಲ್ಲಿ ಹೆಂಡತಿಯ ಜೊತೆ ನಡೆಯುತ್ತಿದ್ದಾಗ ಕುಸಿದುಬಿದ್ದು ತೀರಿಕೊಂಡಿದ್ದರು. ವಯಸ್ಸು ಐವತ್ತೊಂಬತ್ತು. ಯುದ್ಧ ನಿಲ್ಲಿಸುವುದರಲ್ಲಿ ನಾನು ಗೆಲ್ಲದೆ ಇರಬಹುದು, ಯುದ್ಧವನ್ನು ನಿರ್ಧರಿಸುವ ಹಕ್ಕನ್ನು ಸಂಸತ್ತಿಗೆ ಗಳಿಸಿಕೊಟ್ಟೆ ಎಂಬ ಅವರ ಮಾತು ಎಡಿನ್‌ಬರೋದ ಅವರ ಸಮಾಧಿಯ ಕಲ್ಲಿನ ಮೇಲಿದೆ.

ವಿರೋಧ: ಹದಿಮೂರು ಪುಟ ಕೇಳುವವರು ಬೇಕಿತ್ತು

ಆ ಭಾಷಣವನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಅದರ ಒಂದು ವಾಕ್ಯವನ್ನೂ ಅಲ್ಲಗಳೆಯಲು ನಾನು ಬಂದಿಲ್ಲ. ಯುದ್ಧ ತಪ್ಪಾಗಿತ್ತು, ಕುಕ್ ಕಂಡದ್ದು ನಿಜವಾಗಿತ್ತು. ನನ್ನ ತಕರಾರು ಹುಟ್ಟುವುದೇ ಅಲ್ಲಿಂದ. ಅಷ್ಟು ಸ್ಪಷ್ಟವಾಗಿ ಕಂಡವರು ಆ ದಿನ, ಆ ಹೊತ್ತಿನಲ್ಲಿ, ಆ ಕೋಣೆಯಿಂದ ಹೊರಗಿರಬಾರದಿತ್ತು.

ಒಂದು ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ನಾನು ಬಹಳ ವರ್ಷ ಕೂತವನು. ಅಲ್ಲಿ ಕಲಿತ ಪಾಠವೊಂದಿದೆ. ಸಭೆಗೆ ಮುಂಚೆ ರಾಜೀನಾಮೆ ಕಳಿಸಿದವನ ಹೆಸರು ನಡವಳಿ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ‘ರಾಜೀನಾಮೆ ಅಂಗೀಕರಿಸಲಾಯಿತು.’ ಅದರ ಕೆಳಗೆ ನಿರ್ಣಯ ‘ಸರ್ವಾನುಮತದಿಂದ’ ಪಾಸಾಗುತ್ತದೆ. ಸಭೆಯಲ್ಲಿ ಕೂತು, ಕಾಗದ ತೋರಿಸಿ ಎಂದು ಕೇಳಿ, ತನ್ನ ಭಿನ್ನಾಭಿಪ್ರಾಯವನ್ನು ಬರೆಸಿದವನನ್ನು ಮಾತ್ರ ಕಾರ್ಯದರ್ಶಿ ಸುಲಭವಾಗಿ ದಾಟಲಾರ. ಒಂದು ಸಾಲದ ಕಡತದ ವಿಷಯದಲ್ಲಿ ನಾನೇ ಸಿಟ್ಟಿನಿಂದ ಮೊದಲೇ ಎದ್ದುಬಂದು, ಆಮೇಲೆ ವರ್ಷಗಟ್ಟಲೆ ಕೈ ಹಿಸುಕಿಕೊಂಡಿದ್ದೇನೆ. ಲಂಡನ್ನಿನ ಸಂಪುಟಕ್ಕೂ ನಮ್ಮೂರ ಸಂಘಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ಕಾಗದ ಮುಚ್ಚಿಡುವ ವಿದ್ಯೆ ಎಲ್ಲ ಕಡೆಯೂ ಒಂದೇ.

ಮಾರ್ಚ್ 17ರ ಮಧ್ಯಾಹ್ನ ಡೌನಿಂಗ್ ಸ್ಟ್ರೀಟಿನ ಸಂಪುಟ ಸಭೆಯಲ್ಲಿ ಏನಿತ್ತು ನೋಡೋಣ. ಮಂತ್ರಿಗಳ ಮುಂದೆ ಒಂದು ಪುಟದ ಕಾಗದವಿತ್ತು. ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಅವರ ಅಭಿಪ್ರಾಯ: ಭದ್ರತಾ ಮಂಡಳಿಯ ಹಳೆಯ ನಿರ್ಣಯಗಳು ಮತ್ತು 2002ರ ನವೆಂಬರಿನ 1441ನೇ ನಿರ್ಣಯ ಸೇರಿಸಿ ಓದಿದರೆ ಯುದ್ಧಕ್ಕೆ ಕಾನೂನಿನ ಆಧಾರ ಇದೆ. ಅನುಮಾನದ ಒಂದು ಮಾತೂ ಅದರಲ್ಲಿಲ್ಲ. ಅದೇ ಗೋಲ್ಡ್‌ಸ್ಮಿತ್ ಹತ್ತು ದಿನ ಮುಂಚೆ, ಮಾರ್ಚ್ 7ರಂದು, ಬ್ಲೇರ್ ಅವರಿಗೆ 13 ಪುಟದ ಸಲಹೆ ಕೊಟ್ಟಿದ್ದರು. ಅದರಲ್ಲಿ ಅನುಮಾನಗಳಿದ್ದವು. ಇನ್ನೊಂದು ನಿರ್ಣಯ ಪಡೆಯುವುದೇ ಅತ್ಯಂತ ಸುರಕ್ಷಿತ ಎಂದಿತ್ತು. ವಿಷಯ ನ್ಯಾಯಾಲಯಕ್ಕೆ ಹೋದರೆ ಎದುರು ವಾದಕ್ಕೂ ಬಲವಿರಬಹುದು ಎಂಬ ಎಚ್ಚರಿಕೆ ಇತ್ತು. ಆ ಹದಿಮೂರು ಪುಟವನ್ನು ಸಂಪುಟಕ್ಕೆ ತೋರಿಸಲಿಲ್ಲ. ವಿದೇಶಾಂಗ ಕಚೇರಿಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಈ ಯುದ್ಧ ಕಾನೂನುಬಾಹಿರ ಎಂದು ನಂಬಿ ಅದೇ ವಾರ ಕೆಲಸ ಬಿಟ್ಟರು. ಮಂತ್ರಿಗಳು ಮಾತ್ರ ಒಂದು ಪುಟ ನೋಡಿ ತಲೆಯಾಡಿಸಿದರು.

ಆ ಸಭೆಯಲ್ಲಿ ಪ್ರಶ್ನೆ ಎತ್ತಲು ಹೊರಟವರು ಅಂತರರಾಷ್ಟ್ರೀಯ ಅಭಿವೃದ್ಧಿ ಸಚಿವೆ ಕ್ಲೇರ್ ಶಾರ್ಟ್. ಇಷ್ಟು ತಡವಾಗಿ ಏಕೆ, ಅನುಮಾನಗಳೇನಾದರೂ ಇದ್ದವೇ ಎಂದು ಚರ್ಚೆ ಶುರುಮಾಡಲು ನೋಡಿದಾಗ ಸುತ್ತಲಿದ್ದವರು ಸುಮ್ಮನಿರಮ್ಮ ಎಂಬಂತೆ ಬಾಯಿ ಮುಚ್ಚಿಸಿದರೆಂದು ಅವರೇ ಚಿಲ್ಕಾಟ್ ವಿಚಾರಣೆಯ ಮುಂದೆ ಹೇಳಿದ್ದಾರೆ. ಒಂಟಿ ದನಿ. ಅದೂ ಸಹೋದ್ಯೋಗಿಗಳು ದುಡುಕಿನವರೆಂದು ಪಕ್ಕಕ್ಕೆ ಸರಿಸುತ್ತಿದ್ದವರ ದನಿ.

ಇಲ್ಲೇ ನನಗೆ ಹೊಟ್ಟೆ ಉರಿಯುವುದು. 1,800 ಪುಟದ ಸ್ಕಾಟ್ ವರದಿಯನ್ನು ಕೆಲವೇ ಗಂಟೆಯಲ್ಲಿ ಓದಿ ಸರ್ಕಾರ ಎಲ್ಲೆಲ್ಲಿ ಜಾರಿಕೊಂಡಿದೆ ಎಂದು ಬೆರಳಿಟ್ಟು ತೋರಿಸಿದ ಮನುಷ್ಯ ಆ ಸಂಪುಟದ ಸದಸ್ಯ. ನಾಲ್ಕು ವರ್ಷ ವಿದೇಶಾಂಗ ಕಚೇರಿ ನಡೆಸಿದವರು. ಅಲ್ಲಿನ ವಕೀಲರು ಹೇಗೆ ಬರೆಯುತ್ತಾರೆ, ಎಲ್ಲಿ ‘ಆದರೆ’ ಎನ್ನುತ್ತಾರೆ ಎಂದು ತಿಳಿದವರು. ಕಾನೂನು ಅಧಿಕಾರಿಯ ಸಲಹೆ ಒಂದು ಪುಟದಲ್ಲಿ, ಒಂದೂ ‘ಆದರೆ’ ಇಲ್ಲದೆ ಬಂದರೆ ಅದರ ಹಿಂದೆ ಇನ್ನೊಂದು ಕಾಗದ ಇರಲೇಬೇಕು ಎಂದು ಊಹಿಸಲು ಅವರಿಗೆ ಅರ್ಧ ನಿಮಿಷ ಸಾಕಿತ್ತು. ಆ ಪ್ರಶ್ನೆ ಕೇಳಲು ಇಡೀ ಬ್ರಿಟನ್ನಿನಲ್ಲಿ ಅವರಿಗಿಂತ ತಕ್ಕವರಿರಲಿಲ್ಲ. ಅವರು ಆ ಹೊತ್ತಿಗೆ ರಾಜೀನಾಮೆ ಕೊಟ್ಟು ಆಗಿತ್ತು.

ಕೇಳಿದ್ದರೂ ಏನೂ ಆಗುತ್ತಿರಲಿಲ್ಲ, ಬ್ಲೇರ್ ಮೊದಲೇ ನಿರ್ಧರಿಸಿದ್ದರು ಎನ್ನುತ್ತಾರೆ. ಅದು ನಿಜವಲ್ಲ ಎನ್ನಲು ಅದೇ ತಿಂಗಳ ಒಂದು ಘಟನೆ ಸಾಕ್ಷಿ. ಸೇನಾ ಮುಖ್ಯಸ್ಥ ಅಡ್ಮಿರಲ್ ಮೈಕೆಲ್ ಬಾಯ್ಸ್, ನನ್ನ ಯೋಧರನ್ನು ಕಳಿಸಬೇಕಾದರೆ ಇದು ಕಾನೂನುಬದ್ಧವೋ ಅಲ್ಲವೋ ಎಂದು ಸ್ಪಷ್ಟ ಉತ್ತರ ಬೇಕು ಎಂದು ಹಟ ಹಿಡಿದರು. ಮಾರ್ಚ್ 7ರ ಅನುಮಾನಗಳು ಮಾರ್ಚ್ 17ರ ಹೊತ್ತಿಗೆ ಒಂದು ಪುಟದ ‘ಹೌದು’ ಆದದ್ದರ ಹಿಂದೆ ಆ ಒತ್ತಡವೂ ಇತ್ತು. ತನ್ನ ಜಾಗದಲ್ಲಿ ಕೂತ ಒಬ್ಬ ಅಧಿಕಾರಿಯ ಒಂದು ಪ್ರಶ್ನೆ ಇಡೀ ಸರ್ಕಾರದ ಕಾನೂನು ಯಂತ್ರವನ್ನು ಓಡಿಸಿತು. ಆತನಿಗೆ ಬೇಕಿದ್ದದ್ದು ಒಂದು ಖಚಿತ ಪದ, ಅದು ಸಿಕ್ಕಿತು. ಹಿರಿಯ ಮಂತ್ರಿಯೊಬ್ಬರು ಅಷ್ಟೇ ಹಟದಿಂದ ಪೂರ್ತಿ ಸಲಹೆ ಕೇಳಿದ್ದರೆ? ಕಾನೂನು ಅಧಿಕಾರಿಯ ಸಲಹೆಯನ್ನು ಸಂಪುಟದ ಮುಂದಿಡುವಾಗ ಪೂರ್ಣ ಪಠ್ಯ ಇರಬೇಕೆಂದು ಮಂತ್ರಿಗಳ ಸಂಹಿತೆಯೇ ಹೇಳುತ್ತಿತ್ತು. ಲಿಖಿತ ಸಲಹೆಯನ್ನು ಸಂಪುಟಕ್ಕೆ ಕೊಡಬೇಕಿತ್ತು ಎಂದು ಚಿಲ್ಕಾಟ್ ವರದಿಯೂ ಮುಂದೆ ಬರೆಯಿತು.

ಸದನ ನಾಯಕರಾಗಿ ಯುದ್ಧದ ನಿರ್ಣಯಕ್ಕೆ ಅವರೇ ದಾರಿ ಮಾಡಿಕೊಡಬೇಕಿತ್ತು, ಆದ್ದರಿಂದ ಉಳಿಯಲಾಗದು ಎಂಬ ವಾದ ಮೇಲೆ ಬಂದಿದೆ. ಒಪ್ಪುತ್ತೇನೆ. ಮಾರ್ಚ್ 18ರಂದು ಉಳಿಯಲಾಗದು. ಆದರೆ 17ರ ಮಧ್ಯಾಹ್ನ? ರಾಜೀನಾಮೆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಸಭೆಗೆ ಹೋಗಬಹುದಿತ್ತು. ಕೇಳಬೇಕಾದ್ದನ್ನು ಕೇಳಿ, ಉತ್ತರ ಸಿಗದಿದ್ದರೆ ಪತ್ರವನ್ನು ಮೇಜಿನ ಮೇಲಿಟ್ಟು ಏಳಬಹುದಿತ್ತು. ಹಿಂದೆ ಹಾಗೆ ಆಗಿದೆ. 1986ರ ಜನವರಿಯಲ್ಲಿ ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್ ಕಂಪನಿಯ ವಿವಾದದಲ್ಲಿ ರಕ್ಷಣಾ ಸಚಿವ ಮೈಕೆಲ್ ಹೆಸೆಲ್ಟೈನ್ ಥ್ಯಾಚರ್ ಸಂಪುಟದ ಸಭೆ ನಡೆಯುತ್ತಿದ್ದಾಗಲೇ ಎದ್ದು ಬೀದಿಗೆ ಬಂದರು. ಒಂದು ಹೆಲಿಕಾಪ್ಟರ್ ಕಾರ್ಖಾನೆಗಾಗಿ ಮಾಡಿದ್ದನ್ನು ಒಂದು ಯುದ್ಧಕ್ಕಾಗಿ ಮಾಡಬಾರದಿತ್ತೇ? ಸಭೆಯಲ್ಲಿ ಕೇಳಿದ್ದರೂ ರಾತ್ರಿಯ ಭಾಷಣಕ್ಕೆ ಅಡ್ಡಿಯಿರಲಿಲ್ಲ.

ಇನ್ನು ಹೊತ್ತು. ಇರಾಕ್ ಸಮೂಹನಾಶಕ ಅಸ್ತ್ರಗಳನ್ನು 45 ನಿಮಿಷದಲ್ಲಿ ಬಳಸಬಲ್ಲದು ಎಂದ ಸರ್ಕಾರಿ ದಸ್ತಾವೇಜು ಪ್ರಕಟವಾದದ್ದು 2002ರ ಸೆಪ್ಟೆಂಬರ್ 24ರಂದು. ಆಗ ಕುಕ್ ಸಂಪುಟದಲ್ಲಿದ್ದರು. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಲಕ್ಷ ಜನ ಯುದ್ಧ ಬೇಡ ಎಂದು ನಡೆದಾಗಲೂ ಸಂಪುಟದಲ್ಲಿದ್ದರು. ಫೆಬ್ರವರಿ 26ರಂದು ಲೇಬರ್ ಪಕ್ಷದ ಸುಮಾರು 120 ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದಾಗಲೂ ಅವರು ಮುಂದಿನ ಬೆಂಚಿನಲ್ಲಿದ್ದರು. (ಇಲ್ಲೊಂದು ಮಾತು. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಮೇಲೆ ವಿಪ್ ಮೀರಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳುವ ಭಯ. ಅಲ್ಲಿ ಹಾಗಿಲ್ಲ. ಆ 120 ಜನರ ಧೈರ್ಯವನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ನಮ್ಮವರ ಮೌನಕ್ಕೆ ಕಾನೂನಿನ ನೆಪವಾದರೂ ಇದೆ, ಅಲ್ಲಿನ ಮಂತ್ರಿಗಳಿಗೆ ಅದೂ ಇರಲಿಲ್ಲ.) ಮಾರ್ಚ್ 17ರ ಹೊತ್ತಿಗೆ ಸುಮಾರು 45 ಸಾವಿರ ಬ್ರಿಟಿಷ್ ಯೋಧರು ಕೊಲ್ಲಿಯಲ್ಲಿ ಸಜ್ಜಾಗಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ಹಾಗಾಯಿತು. ಬಾವಿ ಚೆನ್ನಾಗಿತ್ತು, ನೀರು ಸಿಹಿಯಾಗಿತ್ತು, ಮನೆ ಉಳಿಯಲಿಲ್ಲ. ಕುಕ್ ಅವರ ಭಾಷಣ ಕೇಳಿದ ಮೇಲೆ, ಮಾರ್ಚ್ 18ರಂದು, ಲೇಬರ್ ಪಕ್ಷದ ಭಿನ್ನಮತೀಯರು 139 ಆದರು. ನಡುವೆ ಮೂರು ವಾರ ಕಳೆದಿತ್ತು. ಆ ಏರಿಕೆಯಲ್ಲಿ ಎಷ್ಟು ಭಾಷಣದ್ದು, ಎಷ್ಟು ಆ ವಾರಗಳದ್ದು ಎಂದು ಯಾರು ಹೇಳಬಲ್ಲರು?

ಕೊಸೊವೊ ಉತ್ತರ ನನಗೆ ಸಾಲದು. ಅದನ್ನು ಬಿಟ್ಟರೂ 1998ರ ಡಿಸೆಂಬರ್ ಇದೆ. ಅಮೆರಿಕ ಮತ್ತು ಬ್ರಿಟನ್ ಸೇರಿ ನಾಲ್ಕು ದಿನ ಇರಾಕ್ ಮೇಲೆ ಬಾಂಬ್ ಹಾಕಿದಾಗ ವಿದೇಶಾಂಗ ಸಚಿವರಾಗಿ ಕುಕ್ ಅದನ್ನು ಸಮರ್ಥಿಸಿದರು. ಸದ್ದಾಂ ಅಸ್ತ್ರಗಳ ಬೆದರಿಕೆಯ ಬಗ್ಗೆ ಸದನಕ್ಕೆ ಹೇಳಿದವರಲ್ಲಿ ಅವರೂ ಒಬ್ಬರು. ಆ ಮಾತು ಬೆಳೆದು ಬೆಳೆದು 2003ಕ್ಕೆ ಮುಟ್ಟಿತು. ಅದರ ಲೆಕ್ಕವನ್ನು ಸಂಪುಟದ ಒಳಗೆ, ಕಡತಗಳನ್ನು ಮುಂದಿಟ್ಟುಕೊಂಡು ಒಪ್ಪಿಸುವ ಹೊಣೆ ಬೇರೆಯವರಿಗಿಂತ ಅವರ ಮೇಲೆ ಹೆಚ್ಚಿತ್ತು.

ಸಮಾಧಿಯ ಕಲ್ಲಿನ ಮಾತಿಗೆ ಬರೋಣ. ಯುದ್ಧ ನಿರ್ಧರಿಸುವ ಹಕ್ಕನ್ನು ಸಂಸತ್ತಿಗೆ ಗಳಿಸಿಕೊಟ್ಟೆ ಎಂದಿದೆ. 2013ರಲ್ಲಿ ಸಿರಿಯಾ ದಾಳಿ ನಿಂತದ್ದು ನಿಜ. 2018ರ ಏಪ್ರಿಲಿನಲ್ಲಿ ತೆರೇಸಾ ಮೇ ಸಂಸತ್ತನ್ನು ಕೇಳದೆ ಅದೇ ಸಿರಿಯಾದ ಮೇಲೆ ಕ್ಷಿಪಣಿ ಬಿಟ್ಟರು. 2024ರ ಜನವರಿಯಲ್ಲಿ ರಿಷಿ ಸುನಕ್ ಸರ್ಕಾರ ಯೆಮೆನ್ನಿನ ಹೌತಿಗಳ ಮೇಲೆ ದಾಳಿ ಮಾಡಿದಾಗಲೂ ಮೊದಲು ಮತ ಹಾಕಿಸಲಿಲ್ಲ. ಕಾನೂನಾಗಿ ಬರೆಯದ ಹಕ್ಕು ಪ್ರಧಾನಿಯ ಮರ್ಜಿಯ ಮೇಲೆ ನಿಲ್ಲುತ್ತದೆ. ಬರೆಸಬಹುದಾಗಿದ್ದ ಮನುಷ್ಯ, ಸದನದ ಕಲಾಪವನ್ನೇ ಕೈಯಲ್ಲಿಟ್ಟುಕೊಂಡಿದ್ದ ಮನುಷ್ಯ, ಹೊರಗೆ ಹೋದರು. ಅವರು ಕೈಹಾಕಿದ್ದ ಮೇಲ್ಮನೆಯ, ಅಂದರೆ ಲಾರ್ಡ್ಸ್ ಸಭೆಯ, ಸುಧಾರಣೆಯೂ ಆ ಫೆಬ್ರವರಿಯಲ್ಲಿ ಮುಗ್ಗರಿಸಿತ್ತು. ಅದನ್ನು ಎತ್ತಿ ನಿಲ್ಲಿಸುವ ಅಷ್ಟು ಆಸಕ್ತಿ ಮತ್ತೆ ಯಾರಿಗೂ ಬರಲಿಲ್ಲ.

ಅವರ ಹಿಂದೆ ಇನ್ನೆಷ್ಟು ಜನ ಹೊರಟರು? ಕಿರಿಯ ಮಂತ್ರಿಗಳಾದ ಜಾನ್ ಡೆನ್ಹಮ್ ಮತ್ತು ಲಾರ್ಡ್ ಹಂಟ್. ಸಂಪುಟ ದರ್ಜೆಯವರಲ್ಲಿ ಕ್ಲೇರ್ ಶಾರ್ಟ್, ಅದೂ ಮೇ 12ರಂದು, ಬಾಗ್ದಾದ್ ಬಿದ್ದ ಮೇಲೆ. ಉಳಿದವರೆಲ್ಲ ಉಳಿದರು. ನನಗೆ ಅನ್ನಿಸುವುದು ಇದು: ಆತ್ಮಸಾಕ್ಷಿಯ ಪಾಲನ್ನು ಕುಕ್ ಒಬ್ಬರೇ ಹೊತ್ತುಕೊಂಡು ಹೋದದ್ದರಿಂದ ಒಳಗೆ ಉಳಿದವರ ಹೆಗಲು ಹಗುರವಾಯಿತು. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಸಹೋದ್ಯೋಗಿ ಇದ್ದಾಗ ತಲೆಯಾಡಿಸುವುದು ಕಷ್ಟ. ಎದ್ದು ಹೋದವನನ್ನು ಹೊಗಳುವುದು ಸುಲಭ. ಅಂದು ಚಪ್ಪಾಳೆ ತಟ್ಟಿದ ಕೈಗಳಲ್ಲಿ ಎಷ್ಟು ಕೈಗಳು ಮರುದಿನ ಯುದ್ಧದ ಪರ ಮತ ಹಾಕಿದವೋ.

ಆ ಹದಿಮೂರು ಪುಟ ಕೊನೆಗೂ ಬಯಲಿಗೆ ಬಂದದ್ದು 2005ರ ಏಪ್ರಿಲ್ 28ರಂದು. ಚುನಾವಣೆಯ ನಡುವೆ ಅದರ ಭಾಗಗಳು ಸೋರಿಕೆಯಾಗಿ, ಬೇರೆ ದಾರಿಯಿಲ್ಲದೆ ಸರ್ಕಾರ ಪೂರ್ತಿ ಪ್ರಕಟಿಸಿತು. ಯುದ್ಧ ಶುರುವಾಗಿ ಎರಡು ವರ್ಷ ದಾಟಿತ್ತು. ಕುಕ್ ಇನ್ನೂ ಇದ್ದರು, ಲಿವಿಂಗ್‌ಸ್ಟನ್ ಕ್ಷೇತ್ರದಲ್ಲಿ ಮರುಚುನಾವಣೆಗೆ ನಿಂತಿದ್ದರು. ಸಂಪುಟದ ಮೇಜಿನ ಮೇಲೆ ಕೇಳಿ ಪಡೆಯಬಹುದಾಗಿದ್ದ ಆ ಕಾಗದ ಅವರಿಗೆ ಸಿಕ್ಕಿದ್ದು ಆಗಲೇ, ಬೆಳಗಿನ ಪತ್ರಿಕೆ ಓದುವ ಉಳಿದೆಲ್ಲರ ಜೊತೆಗೆ.